ಬೋಟಿನ ಅಡ್ವಾನ್ಸ್ ವಾಪಸ್ ಬರಲ್ಲ ಅನ್ನೋ ಒಂದು ಸಾಲು

ಹೋದ ದಸರಾ ರಜೆಯಲ್ಲಿ ಕಾಕಾನ ಅರವತ್ತು ತುಂಬಿದ ಸಂತೋಷಕ್ಕೆ ಮನೆಯವರೆಲ್ಲ ಸೇರಿ ಕೃಷ್ಣೆಯ ಹಿನ್ನೀರಿಗೆ ಹೋಗಿದ್ದೆವು. ಬಾಗಲಕೋಟೆ ಕಡೆಯ ದಂಡೆ. ಬೋಟು ಪೂರ್ತಿ ನಮಗೇ, ಬೇರೆ ಯಾರೂ ಹತ್ತಲ್ಲ, 2 ತಾಸಿಗೆ 6,000 ರೂಪಾಯಿ. ಅದರಲ್ಲಿ 3,000 ಅಡ್ವಾನ್ಸ್ ನಾಲ್ಕು ದಿನ ಮೊದಲೇ ಫೋನ್‌ಪೇ ಮಾಡಿದ್ದೆ. ವಾಟ್ಸಾಪ್‌ನಲ್ಲಿ ಬಂದ ಉತ್ತರದಲ್ಲಿ ಮೂರೇ ಸಾಲು ಇದ್ದವು. 12 ಜನ. ಸಂಜೆ 4 ಗಂಟೆ. ಅಡ್ವಾನ್ಸ್ ವಾಪಸ್ ಇಲ್ಲ.

ನಾವು ಹೋದದ್ದು 14 ಜನ. ಎರಡು ಮಕ್ಕಳು ಎಕ್ಸ್ಟ್ರಾ, ಏನಾಗುತ್ತೆ ಅಂತ ನಾನೇ ಅಂದುಕೊಂಡಿದ್ದೆ.

ಚಿತ್ತಿ ಮಳೆಯ ದಿನಗಳು. ಮಧ್ಯಾಹ್ನ ಸೆಕೆ, ಸಂಜೆ ಗುಡುಗು. ನಾವು ದಂಡೆಗೆ ಬರುವ ಹೊತ್ತಿಗೆ ಮೂಡಣ ದಿಕ್ಕು ಕಪ್ಪಗಾಗಿತ್ತು. ಬೋಟು ಓಡಿಸುವ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಅವನು ಎರಡು ಸಲ ಆಕಾಶ ನೋಡಿದ, ಆಮೇಲೆ ಸ್ವಲ್ಪ ದೂರ ಹೋಗಿ ಮಾಲೀಕನಿಗೆ ಫೋನ್ ಮಾಡಿದ. ತಿರುಗಿ ಬಂದು ಮೆಲ್ಲಗೆ ಹೇಳಿದ: 'ಗಾಳಿ ಬರೂ ಹಂಗ ಕಾಣತೈತ್ರಿ. ನೀವು ಬ್ಯಾಡ ಅಂದ್ರ ಬಿಡೂಣು, ಆದ್ರ ಅಡ್ವಾನ್ಸ್ ಬರಂಗಿಲ್ಲಂತ್ರಿ.' ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮಕ್ಕಳು ಆಗಲೇ ಬೋಟಿನಲ್ಲಿ ಕೂತಾಗಿತ್ತು. 'ಏನಾಗೂದಿಲ್ಲ ತಮ್ಮಾ, ದಂಡಿ ಹಿಡದು ಹೋಗಿ ಬಂದ್ರಾತು' ಅಂದ ಕಾಕಾ. ಹತ್ತಿದೆವು.

ಅರ್ಧ ತಾಸಿನಲ್ಲಿ ಗಾಳಿ ಬಂತು. ಹಿನ್ನೀರಿನಲ್ಲಿ ಅಷ್ಟು ಎತ್ತರದ ತೆರೆ ಏಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಬೋಟಿನ ಅಂಚಿನ ಮೇಲಿಂದ ನೀರು ಒಳಗೆ ಬೀಳತೊಡಗಿತು. ಅವ್ವ ಲೈಫ್ ಜಾಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಹಾಕಿಕೋ ಅಂತ ಕೂಗಿದೆ. ಬಕಲ್ ಮುರಿದಿತ್ತು, ಹಾಕಿಕೊಳ್ಳೋಕೆ ಆಗುತ್ತಿರಲಿಲ್ಲ. ಆ ಹುಡುಗ ತೆರೆಗೆ ಅಡ್ಡ ಆಗದ ಹಾಗೆ ಬೋಟಿನ ಮೂತಿಯನ್ನು ತೆರೆಯ ಕಡೆಗೇ ಇಟ್ಟು, ಬಹಳ ನಿಧಾನಕ್ಕೆ, ಮುಕ್ಕಾಲು ತಾಸಿನ ಮೇಲೆ ನಮ್ಮನ್ನು ದಂಡೆಗೆ ತಂದ. ಯಾರಿಗೂ ಏನೂ ಆಗಲಿಲ್ಲ.

ಅವತ್ತಿನಿಂದ ನನ್ನ ತಲೆಯಲ್ಲಿ ಇರೋದು ಒಂದೇ ವಿಷಯ. ಬೋಟಿನ ಸುರಕ್ಷತೆ ಅಂದರೆ ನಾವು ಲೈಫ್ ಜಾಕೆಟ್, ಲೈಸೆನ್ಸ್ ಅಂತ ಮಾತಾಡುತ್ತೇವೆ. ಬುಕಿಂಗ್ ಷರತ್ತು ಅಂದರೆ ಹಣದ ವಿಷಯ ಅಂತ ಬೇರೆ ಇಡುತ್ತೇವೆ. ಅವೆರಡೂ ಒಂದೇ. ಗಾಳಿ ಬಂದಾಗ ಬೋಟು ಬಿಡಬೇಕೋ ಬೇಡವೋ ಅನ್ನೋದನ್ನು ಅವತ್ತು ನಿರ್ಧಾರ ಮಾಡಿದ್ದು ಹುಡುಗನೂ ಅಲ್ಲ, ನಾವೂ ಅಲ್ಲ. ಆ 3,000 ರೂಪಾಯಿ.

ಟಿಕೆಟ್ ಕೊಟ್ಟು ಹತ್ತುವ ಬೋಟಿಗೂ ಪೂರ್ತಿ ಬಾಡಿಗೆಗೆ ಹಿಡಿಯುವ ಬೋಟಿಗೂ ಇಲ್ಲೇ ವ್ಯತ್ಯಾಸ ಇರೋದು. ಟಿಕೆಟ್ ಬೋಟಿನಲ್ಲಿ ನೀವು 30 ಜನರಲ್ಲಿ ಒಬ್ಬರು. ಬಿಡೋದು, ನಿಲ್ಲಿಸೋದು, ತಿರುಗಿಸೋದು ಅವರ ಇಷ್ಟ. ಬಾಡಿಗೆಗೆ ಹಿಡಿದಾಗ ಬೋಟು ನಮ್ಮದು ಅನ್ನೋ ಭಾವನೆ ಬಂದುಬಿಡುತ್ತದೆ. ಇನ್ನೊಬ್ಬರನ್ನು ಹತ್ತಿಸು, ಇನ್ನೊಂದು ಸುತ್ತು ಹೊಡಿ, ಸೂರ್ಯ ಮುಳುಗೋತನಕ ನಿಲ್ಲು, ಮೇಲಿನ ಡೆಕ್ ಮೇಲೆ ಕೇಕ್ ಕಟ್ ಮಾಡ್ತೀವಿ. ಓಡಿಸುವವನು ಸಾಮಾನ್ಯವಾಗಿ ಸಂಬಳದ ಹುಡುಗ. ಮಾಲೀಕ ಊರಲ್ಲಿ, ಗಿರಾಕಿ ಎದುರಿಗೆ. ಇಲ್ಲ ಅಂತ ಹೇಳುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಬುಕಿಂಗ್ ಷರತ್ತಿನಲ್ಲೇ ಆ ಅಧಿಕಾರ ಬರೆದು ಕೊಟ್ಟಿದ್ದರೆ ಮಾತ್ರ ಬರುತ್ತದೆ.

ನಮ್ಮ ಹಿನ್ನೀರಿನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಸಮುದ್ರಕ್ಕೆ ಹೆದರುವವರು ಇದಕ್ಕೆ ಹೆದರೋದಿಲ್ಲ. ಆಲಮಟ್ಟಿ ಜಲಾಶಯ ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರದ ತನಕ ತುಂಬಿದಾಗ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಬಯಲು ಸೀಮೆ. ಗಾಳಿಯನ್ನು ತಡೆಯೋಕೆ ಗುಡ್ಡ ಕಡಿಮೆ, ಮರವೂ ಕಡಿಮೆ. ತೆರೆ ಎಷ್ಟು ಎತ್ತರ ಏಳುತ್ತದೆ ಅನ್ನೋದು ಗಾಳಿಯ ಜೋರಿನ ಮೇಲಷ್ಟೇ ನಿಂತಿಲ್ಲ, ಆ ಗಾಳಿ ಎಷ್ಟು ದೂರ ತೆರೆದ ನೀರಿನ ಮೇಲೆ ಓಡಿ ಬಂದಿದೆ ಅನ್ನೋದರ ಮೇಲೂ ನಿಂತಿದೆ. ಕೆರೆಯಲ್ಲಿ ಏನೂ ಮಾಡದ ಗಾಳಿ ಇಲ್ಲಿ ಸಣ್ಣ ಬೋಟನ್ನು ಬುಗುರಿ ಮಾಡುತ್ತದೆ.

ಇನ್ನೊಂದು, ನೀರಿನ ಕೆಳಗೆ ಊರುಗಳಿವೆ. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು, ಸುತ್ತಲಿನ ಹಳ್ಳಿಗಳು ಮುಳುಗಿದ್ದು ಇದೇ ನೀರಿನಲ್ಲಿ ಅಲ್ವಾ? ಗೋಡೆ, ಕಟ್ಟೆ, ಬಾವಿ, ಒಣಗಿದ ಮರದ ಬೊಡ್ಡೆ ಎಲ್ಲಾ ಕೆಳಗಿವೆ. ಆಗಸ್ಟ್‌ನಲ್ಲಿ ಎರಡಾಳು ಆಳದಲ್ಲಿದ್ದ ಗೋಡೆ ಫೆಬ್ರವರಿಗೆ ಮೊಣಕಾಲುದ್ದ ನೀರಿನಲ್ಲಿರುತ್ತದೆ. ಕಾಣೋದಿಲ್ಲ. ಬೋಟಿನ ಕೆಳಗೆ ತಿರುಗುವ ರೆಕ್ಕೆ (ಪ್ರೊಪೆಲ್ಲರ್) ಅದಕ್ಕೆ ಬಡಿದರೆ ಇಂಜಿನ್ ನಿಲ್ಲುತ್ತದೆ, ಇಂಜಿನ್ ನಿಂತ ಬೋಟು ತೆರೆಗೆ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದರೆ ನೀರು ಒಳಗೆ ಬರುತ್ತದೆ. ಹಾಗಾಗಿ ಇಲ್ಲಿ ಬೋಟು ಓಡಿಸುವವನಿಗೆ ಲೈಸೆನ್ಸ್ ಜೊತೆಗೆ ಈ ನೀರಿನ ಪರಿಚಯ ಬೇಕು. ಗೋವಾದಲ್ಲಿ ಹತ್ತು ವರ್ಷ ಓಡಿಸಿದವನಿಗೂ ಇಲ್ಲಿ ಮುಳುಗಿದ ಗೋಡೆ ಎಲ್ಲಿದೆ ಅಂತ ಗೊತ್ತಿರೋದಿಲ್ಲ. ಅಂಬಿಗರ ಮನೆತನದ ಮುದುಕರಿಗೆ ಗೊತ್ತಿರುತ್ತದೆ.

ದೂರದ ಉದಾಹರಣೆ ಯಾಕೆ, ವಿಜಯಪುರ ಜಿಲ್ಲೆಗೆ ಬರುವ ಭೀಮೆಯ ಮೇಲೇ, ಮಹಾರಾಷ್ಟ್ರದ ಉಜನಿ ಜಲಾಶಯದಲ್ಲಿ 2024ರ ಮೇ 21ರ ಸಂಜೆ ಒಂದು ಬೋಟು ಮಗುಚಿತು. ಕುಗಾಂವದಿಂದ ಕಳಾಶಿಗೆ ಹೊರಟವರು. ಮೋಜಿಗೆ ಹೋದವರಲ್ಲ, ದಾಟಿ ಹೋಗುವವರು. ಏಕಾಏಕಿ ಗಾಳಿ ಎದ್ದಿತು. ಒಬ್ಬರು ಈಜಿ ದಡ ಸೇರಿದರು. 6 ಜನ ಸತ್ತರು. ಅದೂ ನಮ್ಮದರಂಥದೇ ಹಿನ್ನೀರು.

ಬೇರೆ ದುರಂತಗಳನ್ನು ನೋಡಿದರೆ ಕಾರಣಗಳು ಮತ್ತೆ ಮತ್ತೆ ಅವೇ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆ ಮುಗಿಸಿ ಬರುತ್ತಿದ್ದ ಬೋಟು ಮುಳುಗಿ 16 ಜನ ಹೋದರು. ನಮ್ಮ ಹಾವೇರಿ ಕಡೆಯವರೂ ಇದ್ದರು. ಹಿಡಿಸುವುದಕ್ಕಿಂತ ಜಾಸ್ತಿ ಜನ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಮೀನು ಹಿಡಿಯುವ ದೋಣಿಯನ್ನು ಪ್ರವಾಸಿ ಬೋಟು ಮಾಡಿದ್ದರು, ಕತ್ತಲಾದ ಮೇಲೆ ಓಡಿಸುತ್ತಿದ್ದರು, ಜನವೂ ಜಾಸ್ತಿ. 2024ರ ಜನವರಿ 18ರಂದು ವಡೋದರಾದ ಹರ್ಣಿ ಕೆರೆಯಲ್ಲಿ ಶಾಲೆಯ ಪಿಕ್‌ನಿಕ್‌ಗೆ ಬಂದ 12 ಮಕ್ಕಳು, 2 ಶಿಕ್ಷಕಿಯರು. ಎಲ್ಲರಿಗೂ ಜಾಕೆಟ್ ಇರಲಿಲ್ಲ. ಅದು ಊರ ನಡುವಿನ ಕೆರೆ. ಸಮುದ್ರ ಅಲ್ಲ, ಹೊಳೆ ಅಲ್ಲ.

ಜನ ಜಾಸ್ತಿ ಆದರೆ ಏನಾಗುತ್ತದೆ ಅನ್ನೋದನ್ನು ನಾನು ಆಮೇಲೆ ಕೂತು ಲೆಕ್ಕ ಹಾಕಿದೆ. ಇಬ್ಬರು ದೊಡ್ಡವರು ಹೆಚ್ಚಾದರೆ 130 ಕೆಜಿ. ಅದರ ಜೊತೆ ಊಟದ ಡಬ್ಬಿ, ನೀರಿನ ಕ್ಯಾನು, ಸ್ಪೀಕರು. ಬೋಟು ಅಷ್ಟು ಕೆಳಗೆ ಕೂರುತ್ತದೆ, ಅಂದರೆ ನೀರಿಗೂ ಬೋಟಿನ ಅಂಚಿಗೂ ನಡುವಿನ ಗೇಣು ಎರಡು ಗೇಣು ಜಾಗ ಕಡಿಮೆಯಾಗುತ್ತದೆ. ನಿಂತ ನೀರಿನಲ್ಲಿ ಅದು ಗೊತ್ತೇ ಆಗೋದಿಲ್ಲ. ತೆರೆ ಬಂದಾಗ ಆ ಗೇಣು ಜಾಗವೇ ಜೀವ. ಒಳಗೆ ಬಂದ ನೀರು ಒಂದು ಕಡೆ ಸುಮ್ನೆ ನಿಲ್ಲೋದಿಲ್ಲ, ಬೋಟು ವಾಲಿದ ಕಡೆಗೇ ಹರಿದು ಇನ್ನೂ ವಾಲಿಸುತ್ತದೆ. ಜನ ಮೇಲಿನ ಡೆಕ್‌ಗೆ ಹತ್ತಿದರೆ ಭಾರ ಮೇಲಕ್ಕೆ ಹೋಗಿ ಬೋಟು ಸುಲಭಕ್ಕೆ ಮಗುಚುತ್ತದೆ. ಫೋಟೋಗೆ ಅಂತ ಎಲ್ಲರೂ ಒಂದೇ ಬದಿಗೆ ಬಂದರೂ ಅಷ್ಟೇ. 2009ರಲ್ಲಿ ತೇಕ್ಕಡಿಯಲ್ಲಿ 45 ಜನ ಸತ್ತಾಗ, ದಂಡೆಯ ಮೇಲಿನ ಪ್ರಾಣಿ ನೋಡಲು ಜನ ಒಂದೇ ಕಡೆಗೆ ಸರಿದಿದ್ದರು ಅಂತ ಆಗ ವರದಿಯಾಗಿತ್ತು. ಮಕ್ಕಳನ್ನು ಲೆಕ್ಕಕ್ಕೆ ಹಿಡಿಯದ ನನ್ನ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ: ತೊಡೆಯ ಮೇಲೆ ಕೂರುವ ಕೂಸೂ ಒಂದು ತಲೆ, ಅದಕ್ಕೂ ಒಂದು ಜಾಕೆಟ್ ಬೇಕು.

ಜಾಕೆಟ್ ವಿಷಯ. ಜಾಕೆಟ್ ಇದೆಯಾ ಅಂತ ಕೇಳಬೇಡಿ, ಎಲ್ಲರೂ ಇದೆ ಅಂತಾರೆ. ದಂಡೆಯಲ್ಲೇ ಒಂದೊಂದನ್ನು ಕೈಯಲ್ಲಿ ಹಿಡಿದು ನೋಡಿ. ಬಕಲ್ ಟಕ್ ಅಂತ ಕೂರಬೇಕು, ಜಗ್ಗಿದರೆ ಬಿಚ್ಚಬಾರದು. ಒಳಗಿನ ಫೋಮ್ ಒತ್ತಿದರೆ ಮತ್ತೆ ಉಬ್ಬಬೇಕು. ಚಪ್ಪಟೆಯಾಗಿ ರೊಟ್ಟಿಯಂತೆ ಕೂತಿದ್ದರೆ ಅದು ತೇಲಿಸೋದಿಲ್ಲ. ಒಳಗಡೆ ಚೀಟಿ ಇರುತ್ತದೆ, ಅದರ ಮೇಲೆ ಎಷ್ಟು ಕೆಜಿ ತೂಕದವರಿಗೆ ಅಂತ ಮತ್ತು 50, 100, 150 ನ್ಯೂಟನ್ ಅಂತ ಒಂದು ಅಂಕಿ ಬರೆದಿರುತ್ತಾರೆ, ಅದು ತೇಲಿಸುವ ಬಲದ ಅಳತೆ. 50 ಅಂದರೆ ಈಜು ಬರುವವರಿಗೆ, ದಂಡೆ ಹತ್ತಿರ ಆಡಲು. ಈಜು ಬಾರದವರಿಗೆ ಕನಿಷ್ಠ 100 ಇರಬೇಕು, ಅದು ಮುಖ ಮೇಲೆ ಮಾಡಿ ತೇಲಿಸುವಂತೆ ಮಾಡಿರುತ್ತಾರೆ. ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ. ಕಿವಿಯ ತನಕ ಜಾರಿ ಬಂದರೆ ನೀರಿನಲ್ಲಿ ಅದು ಕಳಚಿ ಹೋಗುತ್ತದೆ. ದೊಡ್ಡವರ ಜಾಕೆಟ್ ಮಕ್ಕಳಿಗೆ ಹಾಕಿದರೆ ಆಗೋದು ಇದೇ. ಮಕ್ಕಳದ್ದಕ್ಕೆ ಕಾಲುಗಳ ನಡುವೆ ಹಾಯುವ ಪಟ್ಟಿ ಇರಬೇಕು.

ನಮ್ಮ ಹೆಣ್ಣುಮಕ್ಕಳು ಸೀರೆ ಕೆಡುತ್ತದೆ, ಫೋಟೋ ಚೆನ್ನಾಗಿ ಬರಲ್ಲ ಅಂತ ಜಾಕೆಟ್ ಬಿಚ್ಚಿಡುತ್ತಾರೆ. ತೊಯ್ದ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬರುವವರೂ ಈಜಲಾರರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಜಾಕೆಟ್ ಹಾಕಿಸಿ. ನೀರಿಗೆ ಬಿದ್ದ ಮೇಲೆ ಜಾಕೆಟ್ ಹಾಕಿಕೊಳ್ಳುತ್ತೇನೆ ಅನ್ನೋದು ಆಗದ ಮಾತು, ಮುರಿದ ಬಕಲ್ ಹಿಡಿದು ಕೂತಿದ್ದ ಅವ್ವನನ್ನು ನೋಡಿದ ಮೇಲೆ ಇದನ್ನು ಹೇಳುತ್ತಿದ್ದೇನೆ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. 1917ರ ಹಳೇ ಕಾಯ್ದೆಯನ್ನು ತೆಗೆದು 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆ ತಂದರು. ಹೊಳೆ, ಹಿನ್ನೀರಿನಲ್ಲಿ ಇಂಜಿನ್ ಇರುವ ಬೋಟು ಓಡಿಸಬೇಕಾದರೆ ನೋಂದಣಿ ಬೇಕು, ಬೋಟನ್ನು ಪರೀಕ್ಷೆ ಮಾಡಿ ಕೊಡುವ ಸರ್ವೆ ಪ್ರಮಾಣಪತ್ರ ಬೇಕು, ಓಡಿಸುವವನಿಗೆ ಅರ್ಹತೆಯ ಪತ್ರ ಬೇಕು, ವಿಮೆ ಬೇಕು, ಜೀವ ಉಳಿಸುವ ಸಾಮಾನು ಬೇಕು. ಹುಟ್ಟು ಹಾಕುವ ದೋಣಿಯ ಲೆಕ್ಕ ಸ್ಥಳೀಯ ಸಂಸ್ಥೆಯಲ್ಲಿ ಇರಬೇಕು. ನಮ್ಮ ರಾಜ್ಯದಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆ ಅಂತ ಇಲಾಖೆಯೇ ಇದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ಕೊಟ್ಟಿದೆ. ಇಷ್ಟರಲ್ಲಿ ನಮಗೆ ಮುಖ್ಯವಾದದ್ದು ಸರ್ವೆ ಪ್ರಮಾಣಪತ್ರ. ಬೋಟಿಗೆ ಎಷ್ಟು ಜನ ಅನ್ನೋ ಸಂಖ್ಯೆ ಬರೋದು ಅಲ್ಲಿಂದ. ಇನ್‌ಸ್ಟಾಗ್ರಾಂನ ಜಾಹೀರಾತಿನಿಂದ ಅಲ್ಲ, ಸೀಟಿನ ಲೆಕ್ಕದಿಂದಲೂ ಅಲ್ಲ. ಬುಕ್ ಮಾಡುವಾಗಲೇ ಅದರ ಫೋಟೋ ಕಳಿಸಿ ಅಂತ ಕೇಳಿ. ನೆಟ್ಟಗೆ ನಡೆಸುವವರು ಎರಡು ನಿಮಿಷದಲ್ಲಿ ಕಳಿಸುತ್ತಾರೆ. ತಡವರಿಸಿದರೆ ಅಲ್ಲೇ ಬಿಟ್ಟುಬಿಡಿ.

ಶಿಕ್ಷೆಯೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 284ನೇ ಕಲಂ ನೇರವಾಗಿ ಇದರ ಬಗ್ಗೆಯೇ ಇದೆ: ಜೀವಕ್ಕೆ ಅಪಾಯ ಆಗುವಷ್ಟು ಕೆಟ್ಟ ಸ್ಥಿತಿಯ ಅಥವಾ ಮಿತಿ ಮೀರಿ ಭಾರ ಹೇರಿದ ದೋಣಿಯಲ್ಲಿ ಬಾಡಿಗೆಗೆ ಜನರನ್ನು ಒಯ್ದರೆ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನನಗೆ ಇದು ಬಹಳ ಕಡಿಮೆ ಅನಿಸುತ್ತದೆ. ಒಂದು ಟ್ರಿಪ್ಪಿನ ಬಾಡಿಗೆಗಿಂತ ದಂಡ ಕಡಿಮೆ ಇದ್ದರೆ ಯಾರು ಹೆದರುತ್ತಾರೆ?

ಹಣದ ಕಡೆಗೆ ಬರೋಣ. 'ಅಡ್ವಾನ್ಸ್ ಯಾವ ಕಾರಣಕ್ಕೂ ವಾಪಸ್ ಇಲ್ಲ' ಅಂತ ಬರೆದ ತಕ್ಷಣ ಅದು ಶಿಲಾಶಾಸನ ಆಗೋದಿಲ್ಲ. 1872ರ ಕರಾರು ಕಾಯ್ದೆಯ 56ನೇ ಕಲಂ ಪ್ರಕಾರ ಮಾಡಲು ಸಾಧ್ಯವೇ ಆಗದ ಅಥವಾ ಕಾನೂನು ಬಿಡದ ಕೆಲಸದ ಕರಾರು ರದ್ದಾಗುತ್ತದೆ. ಹಾಗೆ ರದ್ದಾದರೆ ಪಡೆದ ಹಣ ಹಿಂದಿರುಗಿಸಬೇಕು ಅನ್ನೋದು 65ನೇ ಕಲಂ. ಡ್ಯಾಂನಿಂದ ನೀರು ಬಿಡುತ್ತಾರೆ ಅಂತ ಜಿಲ್ಲಾಡಳಿತ ಬೋಟು ನಿಲ್ಲಿಸಿದರೆ ನೀವು ಇದನ್ನು ಹಿಡಿದು ಕೇಳಬಹುದು. ಇನ್ನು ನೀವಾಗಿಯೇ ಬುಕಿಂಗ್ ಬಿಟ್ಟರೂ, 74ನೇ ಕಲಂ ಪ್ರಕಾರ ಅವರಿಗೆ ಸಿಗಬೇಕಾದದ್ದು ಸಮಂಜಸವಾದ ಪರಿಹಾರ, ಬರೆದಷ್ಟೂ ಮೊತ್ತ ಅಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು ಅನ್ನೋ ಮಾತೇ ಇದೆ. ಅದರ ದೂರು ರಾಜ್ಯ ಆಯೋಗಕ್ಕೆ ಹೋಗುತ್ತದೆ. ಆದರೆ ಸೇವೆಯಲ್ಲಿ ಲೋಪ ಅಂತ ನಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, 2 ವರ್ಷದೊಳಗೆ ಹಾಕಬೇಕು. ಮೊದಲು 1915ಕ್ಕೆ ಫೋನ್ ಮಾಡಿದರೆ ಎಷ್ಟೋ ಸಲ ಅಲ್ಲೇ ಬಗೆಹರಿಯುತ್ತದೆ. 'ನಿಮ್ಮ ಸ್ವಂತ ಜವಾಬ್ದಾರಿ, ಏನಾದರೂ ಆದರೆ ನಾವು ಹೊಣೆ ಅಲ್ಲ' ಅಂತ ಸಹಿ ಹಾಕಿಸಿಕೊಳ್ಳುವುದೂ ಇದೆ. ಅದನ್ನು ತೋರಿಸಿ ಮುರಿದ ಜಾಕೆಟ್ಟಿನ ಹೊಣೆಯಿಂದ ಯಾರೂ ಸಲೀಸಾಗಿ ಜಾರಿಕೊಳ್ಳಲಾರರು.

ಇದನ್ನೆಲ್ಲ ಹೇಳುವಾಗ ಬೋಟಿನವರ ಮಾತನ್ನೂ ಕೇಳಬೇಕು. ಶನಿವಾರ ಭಾನುವಾರ ಬಿಟ್ಟರೆ ಅವರಿಗೆ ಗಿರಾಕಿ ಇಲ್ಲ. ಒಬ್ಬರು ಭಾನುವಾರ ಸಂಜೆ ಹಿಡಿದಿಟ್ಟು ಬರದೇ ಹೋದರೆ ಆ ದಿನದ ದುಡಿಮೆ ಹೋಯಿತು. ಹೀಗಾಗಿ, ಮನಸ್ಸು ಬದಲಾಯಿತು ಅಂತ ಹಿಂದಿನ ದಿನ ರದ್ದು ಮಾಡುವವರ ಅಡ್ವಾನ್ಸ್‌ನಲ್ಲಿ ಒಂದು ಪಾಲು ಅವರು ಇಟ್ಟುಕೊಳ್ಳುವುದು ನ್ಯಾಯವೇ. ಅದನ್ನೂ ಗಾಳಿ ಮಳೆಯಿಂದಾಗಿ ರದ್ದು ಮಾಡಿದ್ದನ್ನೂ ಒಂದೇ ಸಾಲಿನಲ್ಲಿ ಸೇರಿಸುವುದು ತಪ್ಪು. ಗಾಳಿಯ ದಿನ ಬೋಟು ಬಿಡದಿದ್ದರೆ ಅವರಿಗೂ ಡೀಸೆಲ್ ಉಳಿಯುತ್ತದೆ, ಬೋಟು ಉಳಿಯುತ್ತದೆ. ಆ ದಿನದ ನಷ್ಟ ಗಿರಾಕಿಯ ತಲೆಗೆ ಹಾಕಿದರೆ ಗಿರಾಕಿ ಹಟ ಮಾಡುತ್ತಾನೆ, ನಾವು ಮಾಡಿದ ಹಾಗೆ.

ನಾನಾದರೆ ಬುಕ್ ಮಾಡುವ ಮೊದಲು ಇಂಥದ್ದೊಂದು ಮೆಸೇಜ್ ಬರೆಸಿಕೊಳ್ಳುತ್ತೇನೆ: 'ಗಾಳಿ, ಮಳೆ, ಗುಡುಗು ಇದ್ದರೆ ಬೋಟು ಬಿಡುವುದಿಲ್ಲ. ಬಿಡಬೇಕೋ ಬೇಡವೋ, ನಡುವೆ ತಿರುಗಿಸಬೇಕೋ ಅನ್ನೋದು ಬೋಟು ಓಡಿಸುವವರ ತೀರ್ಮಾನ. ಬಿಡದಿದ್ದರೆ ಪೂರ್ತಿ ಹಣ ವಾಪಸ್ ಅಥವಾ ಬೇರೆ ದಿನ. ಅರ್ಧಕ್ಕೆ ತಿರುಗಿಸಿದರೆ ಉಳಿದ ಹೊತ್ತಿನ ಹಣ ವಾಪಸ್. ಮಕ್ಕಳೂ ಸೇರಿ ಇಷ್ಟೇ ಜನ. ಎಲ್ಲರಿಗೂ ಜಾಕೆಟ್, ಹಾಕದವರನ್ನು ಹತ್ತಿಸುವುದಿಲ್ಲ. ಕುಡಿದು ಬಂದವರಿಗೆ ಬೋಟು ಇಲ್ಲ. ಸೂರ್ಯ ಮುಳುಗುವ ಮೊದಲೇ ದಂಡೆಗೆ.' ಜೊತೆಗೆ ಬೋಟಿನ ನಂಬರು. ಇದು ಯಾಕೆಂದರೆ ಎಷ್ಟೋ ಸಲ ಬುಕಿಂಗ್ ತಗೊಳ್ಳುವವನು ದಲಾಲಿ. ತೋರಿಸಿದ ಬೋಟು ಒಂದು, ದಂಡೆಗೆ ಬರುವ ಬೋಟು ಇನ್ನೊಂದು. ನಂಬರು ಬರೆದಿದ್ದರೆ ಬೇರೆ ಬೋಟು ಬಂದಾಗ ಹತ್ತದೇ ಹಣ ವಾಪಸ್ ಕೇಳಬಹುದು. ವಿಮೆಯೂ ನಿಮಗೆ ಸಿಗೋದು ಆ ಬೋಟಿಗೆ, ಅಷ್ಟು ಜನಕ್ಕೆ. ಲೆಕ್ಕ ಮೀರಿ ಹತ್ತಿದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ನಾವೇ ದಾರಿ ಮಾಡಿಕೊಟ್ಟ ಹಾಗೆ.

ಬೆಳಗಾವಿಯಿಂದ ಗೋವಾ, ಕಾರವಾರಕ್ಕೆ ಹೋಗಿ ಬೋಟು ಹಿಡಿಯುವವರು ಜಾಸ್ತಿ. ಅಲ್ಲಿಗೂ ಇದೇ ಮಾತು. ಒಂದು ಸೇರಿಸಿ ಕೇಳಿ: ಹೊಳೆಯೊಳಗಷ್ಟೇ ಸುತ್ತಿಸುತ್ತೀರೋ, ಸಮುದ್ರಕ್ಕೂ ಹೋಗುತ್ತೀರೋ? ಹೊಳೆಗೆ ಸರ್ವೆ ಆದ ಬೋಟು ಸಮುದ್ರಕ್ಕೆ ಅಲ್ಲ. ಒಳನಾಡು ನೀರಿನಲ್ಲೇ ತೆರೆಯ ಎತ್ತರ ನೋಡಿ ಬೇರೆ ಬೇರೆ ವಲಯ ಮಾಡಿರುತ್ತಾರೆ, ಶಾಂತ ನೀರಿಗೆ ಒಪ್ಪಿಗೆ ಸಿಕ್ಕ ಬೋಟನ್ನು ಅದಕ್ಕಿಂತ ಒರಟು ನೀರಿಗೆ ಒಯ್ಯುವಂತಿಲ್ಲ.

ಹೋಗುವ ದಿನ ಹವಾಮಾನ ಇಲಾಖೆಯ ಜಿಲ್ಲಾವಾರು ಮೂರು ತಾಸಿನ ಮುನ್ಸೂಚನೆ ನೋಡಿ. ಸಿಡಿಲಿಗೆ ದಾಮಿನಿ ಆಪ್ ಇದೆ. ತೆರೆದ ನೀರಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನಿಮ್ಮ ಬೋಟೇ, ಗುಡುಗು ಕೇಳಿಸಿದರೆ ದಂಡೆಗೆ ಬರಬೇಕು, ಕೊನೆಯ ಗುಡುಗಿನಿಂದ ಅರ್ಧ ತಾಸು ಕಾಯಬೇಕು. ದಂಡೆಯಲ್ಲಿ ಒಂದು ಬೋರ್ಡು ಹಾಕಿಸುವುದು ಪಂಚಾಯಿತಿಗೆ ದೊಡ್ಡ ಖರ್ಚಲ್ಲ: ಬೋಟಿನ ನಂಬರು, ಎಷ್ಟು ಜನ, ಸರ್ವೆ ಯಾವಾಗಿನ ತನಕ, ಇವತ್ತು ಬೋಟು ಉಂಟೋ ಇಲ್ಲವೋ. ಸಂಜೆ ಎಷ್ಟು ಜನ ಹೋದರು, ಎಷ್ಟು ಜನ ಬಂದರು ಅಂತ ಒಂದು ವಹಿಯಲ್ಲಿ ಬರೆದಿಡಬೇಕು. ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸುವ ಮಾತು ನಡೆದಿದೆ. ಹಾಗೇನಾದರೂ ಎತ್ತರಿಸಿದರೆ ಹಿನ್ನೀರು ಇನ್ನೂ ಅಗಲ ಆಗುತ್ತದೆ, ಬೋಟೂ ಹೆಚ್ಚಾಗುತ್ತವೆ. ಅಷ್ಟರೊಳಗೆ ಈ ಬೋರ್ಡು ಬರಬೇಕು ಅಂತ ನನ್ನ ಆಸೆ.

ಜನವರಿಯಲ್ಲಿ ಮತ್ತೆ ಬುಕ್ ಮಾಡಿದೆವು, ಬೇರೆಯವರ ಹತ್ತಿರ. ಹತ್ತು ಜನ, ಆ ಮೆಸೇಜಿಗೆ ಅವರು ಒಪ್ಪಿ 'ಸರಿ' ಅಂತ ಕಳಿಸಿದ್ದರು. ಹೊರಡುವ ದಿನ ಬೆಳಿಗ್ಗೆ ಎಂಟೂವರೆಗೆ ಫೋನ್ ಬಂತು. 'ಇವತ್ತ ಗಾಳಿ ಬಿಟ್ಟೈತ್ರಿ ಅಣ್ಣಾರ, ಬರಬ್ಯಾಡ್ರಿ. ಮುಂದಿನ ಐತವಾರ ಬರ್ರಿ, ಇಲ್ಲಂದ್ರ ರೊಕ್ಕ ಈಗ ಹಾಕ್ತೀನಿ.' ಕಾಕು ಅಷ್ಟೊತ್ತಿಗೆ ಹೋಳಿಗೆ ಕಟ್ಟಿ ಡಬ್ಬಿಗೆ ತುಂಬಿಯಾಗಿತ್ತು. ಮನೆಯ ಅಂಗಳದಲ್ಲಿ ಚಾಪೆ ಹಾಸಿ ಉಂಡೆವು. ಮುಂದಿನ ಐತವಾರ ನೀರು ಕನ್ನಡಿಯ ಹಾಗಿತ್ತು, ಅವ್ವ ಬಕಲ್ ಹಾಕಿಕೊಂಡು ಎರಡು ಸಲ ಜಗ್ಗಿ ನೋಡಿ ಆಮೇಲೆ ಬೋಟು ಹತ್ತಿದಳು.